ಬದಲಿ ಬರುವ ತನಕ

ಆ ಶಾಲೆಯ ಸಿಬ್ಬಂದಿ ಸಭೆಯ ಪುಸ್ತಕವನ್ನು ಈಗ ಯಾರಾದರೂ ತೆರೆದು ನೋಡಿದರೆ ನನಗೆ ತಲೆ ಕೆಟ್ಟಿತ್ತು ಅಂದುಕೊಳ್ಳಬಹುದು. ತಿಂಗಳಿಗೊಂದು ಸಭೆ ನಡೆಸಿ ದಾಖಲೆ ಇಡಬೇಕು ಅನ್ನುವುದು ಇಲಾಖೆಯ ಪದ್ಧತಿ. ನಾನು ನಡೆಸುತ್ತಿದ್ದೆ. ಅಧ್ಯಕ್ಷತೆ ಮುಖ್ಯ ಶಿಕ್ಷಕಿಯದು, ಹಾಜರಿದ್ದವರು ಸಹ ಶಿಕ್ಷಕಿ ಒಬ್ಬರು. ಎರಡೂ ನಾನೇ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಒಪ್ಪಲಾಯಿತು ಅಂತ ನಾನೇ ಬರೆದು, ನಾನೇ ಒಪ್ಪಿ, ಕೆಳಗೆ ಎರಡು ಸಹಿ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಹಿಂದಿನ ನಡಾವಳಿಯನ್ನು ಜೋರಾಗಿ ಓದಿಕೊಳ್ಳುತ್ತಿದ್ದಾಗ ಬಿಸಿಯೂಟದ ಅಡುಗೆಯಮ್ಮ ಬಾಗಿಲಲ್ಲಿ ನಿಂತು, "ಯಾರ್ ಕೂಟೆ ಮಾತಾಡ್ತಿದ್ದೀರಾ ಮೇಡಮ್ಮೋರೆ?" ಅಂದರು. "ಮೀಟಿಂಗ್ ನಡೀತಿದೆ, ಆಮೇಲೆ ಬನ್ನಿ" ಅಂದೆ. ಅವರು ಸುತ್ತ ನೋಡಿ, ಸಾರಿನ ಸೌಟು ಹಿಡಿದುಕೊಂಡೇ ವಾಪಸು ಹೋದರು.

ಸರ್ಕಾರಿ ಶಾಲೆ ಅಂದರೆ ಒಂದು ಕಟ್ಟಡ, ಒಂದು ಗಂಟೆ, ಒಬ್ಬ ಮೇಷ್ಟರು ಅಂದುಕೊಂಡವರಿಗೆ ಹೇಳಬೇಕು. ಹಾಸನದಲ್ಲಿ ಇಡೀ ಜಿಲ್ಲೆಯನ್ನು ನೋಡಿಕೊಳ್ಳುವ ಉಪನಿರ್ದೇಶಕರು. ಅವರ ಕೆಳಗೆ ತಾಲ್ಲೂಕಿಗೊಬ್ಬ ಬಿ.ಇ.ಒ. ಅವರ ಕೆಳಗೆ ಹತ್ತು ಹದಿನೈದು ಶಾಲೆಯ ಕ್ಲಸ್ಟರಿಗೊಬ್ಬರಂತೆ ಸಿ.ಆರ್.ಪಿ. ಈ ಸಿ.ಆರ್.ಪಿ. ಅನ್ನುವವರೂ ನಮ್ಮಂಥ ಮೇಷ್ಟರೇ, ಪಾಠ ಬಿಟ್ಟು ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ತಿರುಗುತ್ತಾ ಮೇಲಿನವರಿಗೆ ಬೇಕಾದ ಮಾಹಿತಿ ಒಟ್ಟು ಮಾಡುವವರು. ಅವರ ಕೆಳಗೆ ಮುಖ್ಯ ಶಿಕ್ಷಕರು, ಅವರ ಕೆಳಗೆ ಸಹ ಶಿಕ್ಷಕರು. ಮೇಲಿಂದ ಇಳಿದ ಕಾಗದ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ನಮ್ಮದು ಒಂದರಿಂದ ಐದನೇ ತರಗತಿಯ ಶಾಲೆ, ಎರಡು ಹುದ್ದೆಯಲ್ಲಿ ಒಂದು ಎಷ್ಟೋ ವರ್ಷದಿಂದ ಖಾಲಿ. ಹಾಗಾಗಿ ಆ ಕಾಗದ ನನ್ನ ಮೇಜಿನ ಮೇಲೆ ನಿಲ್ಲುತ್ತಿತ್ತು.

ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಫೋನಿನಲ್ಲಿ "ತುರ್ತು" ಅಂತ ಬಂದಿರುತ್ತಿತ್ತು. ಶೌಚಾಲಯದ ಎಷ್ಟು ಬಾಗಿಲಿಗೆ ಚಿಲಕ ಇದೆ, ಹನ್ನೊಂದು ಗಂಟೆಯೊಳಗೆ ತಿಳಿಸಿ. ಮಕ್ಕಳ ಶೂ ಅಳತೆ, ಇಂದೇ. ಮೊಟ್ಟೆ ತಿನ್ನುವವರು ಎಷ್ಟು, ಬಾಳೆಹಣ್ಣು ತಿನ್ನುವವರು ಎಷ್ಟು, ಫೋಟೊ ಸಮೇತ. ನಾಲ್ಕು, ಐದನೇ ತರಗತಿಯವರಿಗೆ ಮಗ್ಗಿ ಬರೆಯಲು ಹೇಳಿ, ಚಿಕ್ಕವರಿಗೆ ನಲಿ-ಕಲಿ ಕಾರ್ಡು ಹಂಚಿ ನಾನು ಚಿಲಕ ಎಣಿಸಲು ಹೋಗುತ್ತಿದ್ದೆ. ವಾಪಸು ಬರುವಷ್ಟರಲ್ಲಿ ಐದನೇ ತರಗತಿಯ ಹುಡುಗಿ ಒಬ್ಬಳು ನನ್ನ ಕುರ್ಚಿಯ ಪಕ್ಕ ಕೋಲು ಹಿಡಿದು ನಿಂತು, ನನ್ನ ದನಿಯಲ್ಲೇ ಗದರುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮೇಷ್ಟರಿಲ್ಲದ ಶಾಲೆಯನ್ನು ಆ ಮಕ್ಕಳೇ ಅರ್ಧ ನಡೆಸುತ್ತಿದ್ದವು.

ನನ್ನ ಮನೆ ಚನ್ನರಾಯಪಟ್ಟಣದಲ್ಲಿ. ಶಾಲೆ ರಾಮನಾಥಪುರದಿಂದ ಮೂರು ಕಿಲೋಮೀಟರ್ ಒಳಗೆ, ಹೊಗೆಸೊಪ್ಪಿನ ಹೊಲಗಳ ನಡುವೆ. ಬೆಳಿಗ್ಗೆ ಆರಕ್ಕೆ ಮುಂಚೆ ಮನೆ ಬಿಟ್ಟರೆ ಹೊಳೆನರಸೀಪುರದಲ್ಲಿ ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕು, ಅರಕಲಗೂಡಿನಲ್ಲಿ ಇಳಿದು ಮತ್ತೊಂದು. ಆಮೇಲೆ ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ಕಾಲು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸೀಟು ಕಂಡದ್ದೇ ಅಪರೂಪ. ಸೊನ್ನೆ ರೂಪಾಯಿಯ ಟಿಕೆಟ್ಟುಗಳು ಬ್ಯಾಗಿನ ತಳದಲ್ಲಿ ಕಸವಾಗಿ ಸೇರಿಕೊಂಡಿರುತ್ತಿದ್ದವು. ಮೊದಲೆರಡು ವರ್ಷ ರಾಮನಾಥಪುರದಲ್ಲಿ ರೂಮು ಮಾಡಿಕೊಂಡು ಶನಿವಾರ ಮಾತ್ರ ಮನೆಗೆ ಬರುತ್ತಿದ್ದೆ. ಮಗಳು ಶಾಲೆಗೆ ಸೇರಿದ ಮೇಲೆ ಆಗಲಿಲ್ಲ. ಗಂಡನಿಗೆ ತೆಂಗಿನಕಾಯಿ ಮಂಡಿಯಲ್ಲಿ ಲೋಡು ನೋಡಿಕೊಳ್ಳುವ ಕೆಲಸ, ಅವರೂ ಬೆಳಿಗ್ಗೆ ಬೇಗ ಹೋಗಬೇಕು. ನಾನು ಮನೆ ಬಿಡುವಾಗ ಮಗಳು ಮಲಗಿರುತ್ತಿದ್ದಳು. ವಾಪಸು ಬರುವಾಗ ರಾತ್ರಿ ಎಂಟು, ಹೋಂವರ್ಕ್ ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು.

ಅವಳ ಜಡೆ ಹಾಕುವುದು ಪಕ್ಕದ ಮನೆಯ ಅಜ್ಜಿ. ಎರಡು ಜಡೆ, ರಿಬ್ಬನ್ ಕಡ್ಡಾಯ, ಇಲ್ಲದಿದ್ದರೆ ಅವಳ ಶಾಲೆಯ ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಅದು ಖಾಸಗಿ ಶಾಲೆ, ಇಂಗ್ಲಿಷ್ ಮೀಡಿಯಂ, ವ್ಯಾನಿನಲ್ಲಿ ಹೋಗುವುದು. ಮುಚ್ಚಿಡುವುದೇನು, ಸರ್ಕಾರಿ ಮೇಡಮ್ಮಿನ ಮಗಳು ಸರ್ಕಾರಿ ಶಾಲೆಗೆ ಹೋಗುತ್ತಿರಲಿಲ್ಲ. ಅವಳ ಶಾಲೆಯ ಪೋಷಕರ ಸಭೆ ಶನಿವಾರ ಇರುತ್ತಿತ್ತು, ನನ್ನ ಶಾಲೆಯದೂ ಶನಿವಾರ. ಒಂದು ಸಲ ಅವಳ ಡೈರಿಗೆ ಸಹಿ ಹಾಕುತ್ತಾ, "ಈ ಸಲವೂ ಆಗಲ್ಲ ಕಣೇ, ಅಲ್ಲಿ ನಂದೇ ಪೇರೆಂಟ್ಸ್ ಮೀಟಿಂಗ್ ಇದೆ" ಅಂದೆ. ಅವಳು ಒಂದು ಕ್ಷಣ ಯೋಚಿಸಿ, "ಅಮ್ಮ, ಅಲ್ಲಿ ನೀನು ಯಾರ ಪೇರೆಂಟು?" ಅಂತ ಕೇಳಿದಳು. ತಮಾಷೆಗಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದು. ನನಗೆ ಅಳು ಬಂತು. ಸ್ಟವ್ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದು ಹೋದೆ.

ನನಗೆ ಬೇಕಾಗಿದ್ದು ಇಷ್ಟೇ. ಚನ್ನರಾಯಪಟ್ಟಣದ ಹತ್ತಿರ ಯಾವುದಾದರೂ ಒಂದು ಶಾಲೆಗೆ ವರ್ಗ. ಮಗಳ ಜಡೆ ನಾನೇ ಹಾಕಿ ಹೊರಡುವಷ್ಟು ಹತ್ತಿರ.

ಹೀಗಿರುವಾಗ ಒಂದು ವರ್ಷ ಶಾಲೆಯಲ್ಲಿ ಉಳಿದದ್ದು ಏಳು ಮಕ್ಕಳು. ರಾಮನಾಥಪುರದ ಖಾಸಗಿ ಶಾಲೆಯ ಹಳದಿ ವ್ಯಾನೊಂದು ಊರೊಳಗೆ ಬರಲು ಶುರುವಾಗಿತ್ತು. ಅದರ ಡ್ರೈವರ್ ನಮ್ಮ ಶಾಲೆಯ ಗೇಟಿನ ಮುಂದೆಯೇ ನಿಲ್ಲಿಸಿ, ನಮ್ಮ ಮಕ್ಕಳ ಅಣ್ಣ ತಮ್ಮಂದಿರನ್ನು ಹತ್ತಿಸಿಕೊಂಡು ಹೋಗುತ್ತಿದ್ದ. ಪಕ್ಕದೂರಿನ ಶಾಲೆಯ ಜೊತೆ ನಮ್ಮದನ್ನು ಸೇರಿಸುತ್ತಾರೆ ಅಂತ ಸುದ್ದಿ ಹಬ್ಬಿತು. ಸಿ.ಆರ್.ಪಿ. ಒಳ್ಳೆಯ ಮನುಷ್ಯ, ನನ್ನ ಪರದಾಟ ಕಂಡವರು. "ಬಿಡಿ ಮೇಡಂ, ಸೇರಿಸ್ಲಿ. ನೀವು ಹೆಚ್ಚುವರಿ ಅಂತ ಆಗ್ತೀರಿ, ಬೇರೆ ಕಡೆ ಹಾಕ್ತಾರೆ. ಎಲ್ಲಿಗೆ ಹಾಕಿದ್ರೂ ನಿಮ್ಮೂರಿಗೆ ಇದಕ್ಕಿಂತ ಹತ್ರಾನೇ" ಅಂದರು. ಗೆಳತಿಯರೂ ಅದನ್ನೇ ಹೇಳಿದರು. ನನಗೂ ಹೌದೆನಿಸಿತು. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಆಗಿಹೋಗುತ್ತಿತ್ತು.

ಕೂರಲಿಲ್ಲ. ನನ್ನ ಹಾಳು ಸಿಟ್ಟು. ಒಂದು ಬೆಳಿಗ್ಗೆ ಆಟೊ ಇಳಿದು ಗೇಟಿನ ಬೀಗ ತೆಗೆಯುತ್ತಿದ್ದಾಗ ಆ ವ್ಯಾನಿನವನು ಹಾರ್ನ್ ಹೊಡೆದು, "ಮಿಸ್ಸೇ, ಇನ್ನೇಳು ತಾನೇ? ಒಂದ್ ಟ್ರಿಪ್ಪಿಗಾಯ್ತವೆ, ಅವ್ನೂ ಕಳ್ಸಿ" ಅಂದು ನಕ್ಕ. ವ್ಯಾನಿನೊಳಗಿನ ಮಕ್ಕಳೂ ನಕ್ಕವು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ವ್ಯಾನ್ ಖಾಲಿ ಮಾಡಿಸದಿದ್ದರೆ ಕೇಳು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಆ ಬೇಸಿಗೆ ರಜೆಯ ಕೊನೆಯ ದಿನಗಳಲ್ಲಿ ಮನೆ ಮನೆ ಹತ್ತಿದೆ. ಹೊಗೆಸೊಪ್ಪಿನ ಸಸಿ ನೆಡುವ ಕಾಲ, ಯಾರೂ ಮನೆಯಲ್ಲಿರುತ್ತಿರಲಿಲ್ಲ. ಹೊಲಕ್ಕೇ ಹೋದೆ. ಬದುವಿನ ಮೇಲೆ ನಿಂತು ಹಾಲು, ಮೊಟ್ಟೆ, ಪುಸ್ತಕ, ಶೂ ಅಂತೆಲ್ಲ ಹೇಳಿದೆ. ಅವರಿಗೆ ಅದು ಬೇಕಾಗಿರಲಿಲ್ಲ. "ಇಂಗ್ಲೀಸ್ ಯೋಳ್ಕೊಡ್ತೀರಾ?" ಅಂದರು. ಹೇಳಿಕೊಡುತ್ತೇನೆ ಅಂದೆ. ಸಸಿ ಟ್ರೇ ಹಿಡಿದು ಕೂತಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡುತ್ತಾ, "ನಿಮ್ ಮಗೀನ ಯಾವ್ ಇಸ್ಕೂಲಿಗಾಕಿದ್ದೀರಿ ಮೇಡಮ್ಮೋರೆ?" ಅಂತ ಕೇಳಿದರು. "ಚನ್ನರಾಯಪಟ್ಟಣದಲ್ಲಿ ಓದ್ತಾಳೆ ಅಜ್ಜಿ" ಅಂದೆ. ಸುಳ್ಳೇನಲ್ಲ. ವ್ಯಾನಿನ ವಿಷಯ ಎತ್ತಲಿಲ್ಲ.

ಜೂನ್ ಮೊದಲ ವಾರ ಊರಿನವರು ಶಾಲೆಯ ಜಗುಲಿಯಲ್ಲಿ ಸೇರಿದರು. ಎಸ್.ಡಿ.ಎಂ.ಸಿ. ಅಂದರೆ ಮಕ್ಕಳ ತಂದೆತಾಯಿಗಳೇ ಸೇರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿ. ಅದರ ಅಧ್ಯಕ್ಷರು ಹೊಗೆಸೊಪ್ಪು ಬೆಳೆಯುವವರು, ನಲವತ್ತರ ಆಸುಪಾಸು, ಮಾತು ಒರಟು, ಮನಸ್ಸು ನೇರ. ಅವರ ಮಗಳು ನಮ್ಮಲ್ಲೇ ಇದ್ದಳು, ಚಿಕ್ಕ ಮಗ ಮಾತ್ರ ಯು.ಕೆ.ಜಿ.ಗೆ ಹಳದಿ ವ್ಯಾನಿನಲ್ಲಿ ಹೋಗುತ್ತಿದ್ದ. ಸಮಿತಿಗೆ ಮುಖ್ಯ ಶಿಕ್ಷಕರೇ ಕಾರ್ಯದರ್ಶಿ, ಅಂದರೆ ಅದೂ ನಾನೇ. ನಡಾವಳಿ ಪುಸ್ತಕ ಬಿಡಿಸಿಕೊಂಡು ಕೂತೆ. ಸಿ.ಆರ್.ಪಿ.ಯೂ ಬಂದಿದ್ದರು, ಅಡುಗೆಯಮ್ಮ ಕೊಟ್ಟ ಟೀ ಕುಡಿಯುತ್ತಾ ಕಂಬಕ್ಕೆ ಒರಗಿದ್ದರು.

"ನೋಡಿ ಮೇಡಮ್ಮೋರೆ" ಅಂದರು ಅಧ್ಯಕ್ಷರು. "ಐಕಳ್ನ ವ್ಯಾನಿಂದ ಇಳಿಸ್ತೀವಿ. ಆಮ್ಯಾಕೆ ನೀವು ಟ್ರಾನ್ಸ್‌ಫರ್ ಅಂತ ಒಂಟೋದ್ರೆ? ನಿಮ್ಗಿಂತ ಮುಂಚೆ ಇದ್ದ ಮೇಷ್ಟ್ರು ಅಂಗೇ ಮಾಡುದ್ರು. ನಮ್ ಐಕಳು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅಂಗಾಯ್ತವೆ."

"ನಾನೆಲ್ಲಿಗೆ ಹೋಗ್ಲಿ, ನನ್ನ ಯಾರು ಬಿಡ್ತಾರೆ" ಅಂದೆ. ನಿಜಕ್ಕೂ ಹಾಗೇ ಅನಿಸಿತ್ತು. ಅದಕ್ಕೆ ಮುಂಚೆ ಎರಡು ಸಲ ವರ್ಗಾವಣೆಯ ಕೌನ್ಸೆಲಿಂಗಿಗೆ ಹೋಗಿ, ನನ್ನ ಸರದಿ ಬರುವಷ್ಟರಲ್ಲಿ ಜಾಗವೆಲ್ಲ ಮುಗಿದು ಬರಿಗೈಯಲ್ಲಿ ಬಂದಿದ್ದೆ.

"ಬಾಯಲ್ ಯೋಳ್ಬ್ಯಾಡಿ. ಬುಕ್ಕಲ್ ಬರೀರಿ."

ನಾನು ಸಿ.ಆರ್.ಪಿ. ಕಡೆ ನೋಡಿದೆ. ಅವರು ತಗ್ಗಿದ ದನಿಯಲ್ಲಿ, "ಬರೀರಿ ಮೇಡಂ, ಸುಮ್ನೆ ಅವರ ಸಮಾಧಾನಕ್ಕೆ. ಇದಕ್ಕೇನೂ ಬೆಲೆ ಇಲ್ಲ" ಅಂದರು. ವರ್ಗಾವಣೆ ಸರ್ಕಾರದ ಕೈಲಿರುವುದು, ಊರಿನವರು ತೀರ್ಮಾನ ಮಾಡುವಂಥದ್ದಲ್ಲ ಅಂತ ನನಗೂ ಗೊತ್ತಿತ್ತು. ಬರೆದೆ. ಈಗ ಒಂದನೇ ತರಗತಿಯಲ್ಲಿರುವ ಮಕ್ಕಳು ಐದನೇ ತರಗತಿ ಮುಗಿಸುವವರೆಗೆ ಮುಖ್ಯ ಶಿಕ್ಷಕರು ಇದೇ ಶಾಲೆಯಲ್ಲಿ ಮುಂದುವರಿಯತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. "ತಕ್ಕದ್ದು" ಬರೆಯುವಾಗ ನಗು ತಡೆದುಕೊಂಡೆ. ಕೆಳಗೆ ಎಲ್ಲರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಕಾರ್ಯದರ್ಶಿ ಅಂತ ಇದ್ದ ಕಡೆ ನಾನೂ ಸಹಿ ಹಾಕಿ, ಶಾಲೆಯ ಸೀಲು ಒತ್ತಿದೆ.

ಮಾರನೆಯ ದಿನದಿಂದ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟಿತು. ಏಳು ಇದ್ದದ್ದು ಹತ್ತೊಂಬತ್ತಾಯಿತು. ಅಧ್ಯಕ್ಷರ ಮಗ ಒಂದನೇ ತರಗತಿಯ ಚಾಪೆಯ ಮೇಲೆ ಮೊದಲ ಸಾಲಿನಲ್ಲಿ ಕೂತ. ಶಾಲೆ ಸೇರಿಸುವ ಮಾತು ನಿಂತೇಹೋಯಿತು. ತಾಲ್ಲೂಕಿನ ಮುಖ್ಯ ಶಿಕ್ಷಕರ ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ತಟ್ಟಿದರು. ಹೆಮ್ಮೆ ಅನಿಸಿತ್ತು, ಯಾಕೆ ಸುಳ್ಳು ಹೇಳಲಿ.

ಮುಂದಿನ ವರ್ಷ ಮತ್ತೆ ಕೌನ್ಸೆಲಿಂಗು, ಹಾಸನದಲ್ಲಿ. ದೊಡ್ಡ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಪರದೆ. ಪರದೆಯಲ್ಲಿ ಖಾಲಿ ಇರುವ ಶಾಲೆಗಳ ಪಟ್ಟಿ. ಹೆಸರು ಕರೆದವರು ಎದ್ದು ಹೋಗಿ ಒಂದು ಶಾಲೆ ಹೇಳುತ್ತಾರೆ, ಆ ಸಾಲು ಪರದೆಯಿಂದ ಮಾಯವಾಗುತ್ತದೆ. ಒಂದೊಂದು ಸಾಲು ಹೋದಾಗಲೂ ಹಿಂದೆ ಕೂತವರು ಉಸಿರು ಬಿಡುವುದು ಕೇಳಿಸುತ್ತಿತ್ತು. ನನ್ನ ಮನೆಗೆ ಎರಡು ಕಿಲೋಮೀಟರ್ ದೂರದ ಶಾಲೆಯೊಂದು ಆ ಪಟ್ಟಿಯಲ್ಲಿತ್ತು. ಸರದಿಯಲ್ಲಿ ನನಗಿಂತ ಮುಂದಿದ್ದವರೆಲ್ಲ ಹಾಸನವನ್ನೇ ಆರಿಸಿಕೊಳ್ಳುತ್ತಿದ್ದರು, ಅವರ ಹೊಟ್ಟೆ ತಣ್ಣಗಿರಲಿ. ನನ್ನ ಹೆಸರು ಕರೆದಾಗಲೂ ಆ ಸಾಲು ಅಲ್ಲೇ ಇತ್ತು. ಕಂಪ್ಯೂಟರ್ ಮುಂದೆ ಕೂತಿದ್ದವರು ಕೇಳುವ ಮುಂಚೆಯೇ ಶಾಲೆಯ ಹೆಸರು ಹೇಳಿಬಿಟ್ಟೆ. "ನಿಧಾನ ಮೇಡಂ" ಅಂದರು. ಆದೇಶದ ಕಾಗದ ಕೈಗೆ ಬಂತು. ಹಾಸನದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಗಳಿಗೆ ಚಿಟ್ಟೆ ಆಕಾರದ ಕ್ಲಿಪ್ಪು ಒಂದು ಡಜನ್ ತೆಗೆದುಕೊಂಡೆ. ಮನೆಗೆ ಬಂದು, "ಇನ್ಮೇಲೆ ನಾನೇ ಜಡೆ ಹಾಕೋದು" ಅಂದೆ. ಅವಳು ಕ್ಲಿಪ್ಪುಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟಳು.

ಆದೇಶ ಇದ್ದರೆ ಸಾಲದು, ಬಿಡುಗಡೆ ಆಗಬೇಕು. ಇದು ನಮ್ಮ ಇಲಾಖೆಯ ಹೊರಗಿನವರಿಗೆ ಅರ್ಥವಾಗದ ಸಂಗತಿ. ಶಿಕ್ಷಕಿಯನ್ನು ಬಿಡುಗಡೆ ಮಾಡುವವರು ಆ ಶಾಲೆಯ ಮುಖ್ಯ ಶಿಕ್ಷಕರು. ಅಂದರೆ ನನ್ನನ್ನು ನಾನೇ ಬಿಡುಗಡೆ ಮಾಡಿಕೊಳ್ಳಬೇಕು, ಆದರೆ ಬಿ.ಇ.ಒ. ಕಚೇರಿ ಹೂಂ ಅನ್ನಬೇಕು. ಕಚೇರಿಯಲ್ಲಿ ನಮ್ಮ ಫೈಲು ನೋಡುವ ಗುಮಾಸ್ತರು ನನಗಿಂತ ಚಿಕ್ಕವರು, ಕೂರಿಸಿ ನೀರು ಕೊಟ್ಟರು.

"ನಿಮ್ದು ಒಬ್ರೇ ಇರೋ ಶಾಲೆ ಅಲ್ವಾ ಮೇಡಂ. ನೀವು ಹೋದ್ರೆ ಸೊನ್ನೆ ಆಗ್ತದೆ. ಬದಲಿ ಬಂದ್ಮೇಲೆ ಬಿಡುಗಡೆ."

"ಅತಿಥಿ ಶಿಕ್ಷಕರನ್ನ ಕೊಡಿ."

"ಅವರು ಪಾಠ ಮಾಡ್ಬಹುದು, ಚಾರ್ಜ್ ತಗೊಳೋಹಾಗಿಲ್ಲ. ಚಾರ್ಜ್ ಯಾರಿಗೆ ಕೊಟ್ಟು ಹೋಗ್ತೀರಿ?"

"ಬದಲಿ ಯಾವಾಗ ಬರ್ತಾರೆ?"

"ಕೌನ್ಸೆಲಿಂಗಲ್ಲಿ ಯಾರೂ ನಿಮ್ಮ ಶಾಲೆ ತಗೊಂಡಿಲ್ಲ. ಬಸ್ಸಿಲ್ಲ ಅಂತಾರೆ." ಆಮೇಲೆ ಸ್ವಲ್ಪ ಮುಜುಗರದಿಂದ ಫೈಲು ತಿರುಗಿಸಿ ಒಂದು ಹಾಳೆ ತೋರಿಸಿದರು. "ಇನ್ನೊಂದು ಇದೆ ಮೇಡಂ. ಊರಿನವರು ಅರ್ಜಿ ಕೊಟ್ಟಿದ್ದಾರೆ. ಇದು ನಿಮ್ಮ ಕೈಬರಹ ತಾನೇ?"

ನಡಾವಳಿ ಪುಸ್ತಕದ ಆ ಪುಟದ ಜೆರಾಕ್ಸ್. ತಕ್ಕದ್ದು ಅನ್ನುವುದು ಎಷ್ಟು ದುಂಡಗೆ ಬರೆದಿದ್ದೆ. ಸೀಲು ಕೂಡ ಸ್ಪಷ್ಟವಾಗಿ ಬಿದ್ದಿತ್ತು. "ಇದಕ್ಕೆ ಬೆಲೆ ಇಲ್ಲ ಅಲ್ವಾ?" ಅಂದೆ. "ಕಾನೂನಲ್ಲಿ ಇಲ್ಲ. ಆದ್ರೆ ನಾಳೆ ಗೇಟಿಗೆ ಬೀಗ ಹಾಕಿ ರಸ್ತೇಲಿ ಕೂತ್ರೆ ಸಾಹೇಬ್ರು ನನ್ನ ಕೇಳ್ತಾರೆ. ಬದಲಿ ಬರೋ ತನಕ ಇರಿ ಮೇಡಂ" ಅಂದರು. ಗದರಲು ಅವರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಯಾರಲ್ಲೂ ತಪ್ಪಿರಲಿಲ್ಲ, ಅದೇ ನನಗೆ ಹುಚ್ಚು ಹಿಡಿಸುತ್ತಿದ್ದದ್ದು. ಮಕ್ಕಳಿಗೆ ಮೇಷ್ಟರು ಬೇಕು ಅನ್ನುವ ನಿಯಮ ಸರಿ. ಊರಿನವರು ಕೇಳಿದ್ದೂ ಸರಿ. ಅವತ್ತು ಶಾಲೆ ಮುಚ್ಚಲು ಬಿಟ್ಟಿದ್ದರೆ ನಾನು ಎಂದೋ ಹೋಗಿರುತ್ತಿದ್ದೆ. ಏಳನ್ನು ಹತ್ತೊಂಬತ್ತು ಮಾಡಿದವಳು ನಾನೇ.

ಅಧ್ಯಕ್ಷರನ್ನು ಕೇಳಿದೆ. ಅವರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಎಲೆ ಕಟ್ಟಿಸುತ್ತಿದ್ದರು. "ನಂಗೂ ಒಂದ್ ಮಗು ಇದೆ" ಅಂದೆ. ಅವರು ತಲೆ ಎತ್ತಲಿಲ್ಲ. "ಗೊತ್ತು ಮೇಡಮ್ಮೋರೆ. ಬ್ಯಾಸರ ಮಾಡ್ಕಬ್ಯಾಡಿ. ನಿಮ್ ಮಾತ್ ನಂಬಿ ವ್ಯಾನಿಂದ ಇಳಿಸ್ದೋರು ನಾವು" ಅಂದರು.

ಕಾದೆ. ಒಂದು ಸಲ ಪಕ್ಕದ ಕ್ಲಸ್ಟರಿನ ಮೇಷ್ಟರೊಬ್ಬರನ್ನು ನಿಯೋಜಿಸಿದರು, ಅವರು ಮೆಡಿಕಲ್ ರಜೆ ಹಾಕಿದರು. ಇನ್ನೊಂದು ಸಲ ಬರುತ್ತಾರೆ ಅಂದವರು ಬರಲೇ ಇಲ್ಲ. ಈ ನಡುವೆ ಚನ್ನರಾಯಪಟ್ಟಣದ ಶಾಲೆಯ ಮುಖ್ಯ ಶಿಕ್ಷಕಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಅಲ್ಲಿನ ಹುದ್ದೆ ನನ್ನ ಹೆಸರಿನಲ್ಲಿ ತುಂಬಿದೆ, ಹಾಗಾಗಿ ಬೇರೆಯವರನ್ನು ಕೊಡುವುದಿಲ್ಲ. "ಮೂರನೇ ಕ್ಲಾಸಿಗೆ ಯಾರೂ ಇಲ್ಲ ಮೇಡಂ, ಬೇಗ ಬನ್ನಿ" ಅನ್ನುತ್ತಿದ್ದರು. ಕಾಗದದಲ್ಲಿ ನಾನು ಅಲ್ಲಿದ್ದೆ, ಇರುವುದು ಇಲ್ಲಿ. ಎರಡೂ ಕಡೆಯ ಮಕ್ಕಳು ನನಗಾಗಿ ಕಾಯುತ್ತಿದ್ದರು, ಮೂರನೆಯ ಕಡೆ ಒಬ್ಬಳು ಮಗಳು.

ಪಕ್ಕದ ಮನೆಯ ಅಜ್ಜಿ ಕಾಲು ಮುರಿದುಕೊಂಡು ಮಗನ ಮನೆಗೆ ಹೋದರು. ಗಂಡ ಒಂದು ವಾರ ಜಡೆ ಹಾಕಲು ಪ್ರಯತ್ನಪಟ್ಟರು. ಮಗಳನ್ನು ಗೇಟಿನಲ್ಲಿ ಮೂರು ದಿನ ನಿಲ್ಲಿಸಿದರಂತೆ. ಒಂದು ಸಂಜೆ ನಾನು ಬರುವಷ್ಟರಲ್ಲಿ ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಸಲೂನಿಗೆ ಕರೆದುಕೊಂಡು ಹೋಗಿ ಬಾಯ್ ಕಟ್ ಮಾಡಿಸಿದ್ದರು. ಕತ್ತಿನ ಹಿಂದೆ ಚರ್ಮ ಬೆಳ್ಳಗೆ ಕಾಣುತ್ತಿತ್ತು. "ಇನ್ನೇನ್ ಮಾಡ್ಲಿ, ನಂಗೆ ಬರಲ್ಲ" ಅಂದರು ಗಂಡ, ತಪ್ಪು ಮಾಡಿದವರ ಹಾಗೆ. ನಾನು ಅವರ ಮೇಲೆ ಹರಿಹಾಯ್ದೆ, ಊಟ ಮಾಡಲಿಲ್ಲ. ಮಗಳೇ ಎದ್ದು ಬಂದು, "ಬಿಡಮ್ಮ, ಸೆಕೆ ಆಗಲ್ಲ" ಅಂದಳು. ಚಿಟ್ಟೆ ಕ್ಲಿಪ್ಪಿನ ಡಬ್ಬಿಯನ್ನು ಅವಳು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು.

ಆದೇಶ ಕೈಗೆ ಬಂದು ಹದಿನಾಲ್ಕು ತಿಂಗಳಾದ ಮೇಲೆ ಬದಲಿ ಬಂದರು. ಸಾಲಗಾಮೆ ಕಡೆಯ ಶಾಲೆಯೊಂದರಲ್ಲಿ ಮಕ್ಕಳು ಕಡಿಮೆಯಾಗಿ ಹೆಚ್ಚುವರಿ ಅಂತ ಆಗಿದ್ದವರು. ಬೆಳಿಗ್ಗೆ ಹತ್ತೂವರೆಗೆ ಗಂಡನ ಬೈಕಿನಲ್ಲಿ ಬಂದಿಳಿದರು, ಇಬ್ಬರ ಮಧ್ಯೆ ಮೂರು ವರ್ಷದ ಹೆಣ್ಣುಮಗು. ಮುಖಕ್ಕೆಲ್ಲ ಧೂಳು. "ಇಷ್ಟು ದೂರನಾ ಮೇಡಂ?" ಅನ್ನುವುದೇ ಮೊದಲ ಮಾತು. ಮಗು ಇಳಿದು ನೇರವಾಗಿ ನಲಿ-ಕಲಿ ಚಾಪೆಯ ಮೇಲೆ ಹೋಗಿ ಕೂತಿತು, ನಮ್ಮ ಹುಡುಗಿಯೊಬ್ಬಳು ಅದಕ್ಕೆ ಬಣ್ಣದ ಸೀಮೆಸುಣ್ಣ ಕೊಟ್ಟಳು.

ಹಾಜರಿ ಪುಸ್ತಕ, ಬೀಗದ ಕೈ, ಸೀಲು, ಎಲ್ಲ ಮೇಜಿನ ಮೇಲೆ ಇಟ್ಟೆ. ನಾಳೆ ಬೆಳಿಗ್ಗೆ ನಾನು ಆರಕ್ಕೆ ಮುಂಚೆ ಮನೆ ಬಿಡಬೇಕಾಗಿಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ಅಷ್ಟರಲ್ಲಿ ಅಧ್ಯಕ್ಷರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಹೊಸಬರಿಗೆ ಕೈಮುಗಿದರು. ನನ್ನ ಕಡೆ ತಿರುಗಿ, "ಓಗಿ ಬನ್ನಿ ಮೇಡಮ್ಮೋರೆ, ಬ್ಯಾಡ ಅನ್ನಾಕಿಲ್ಲ. ನಿಮ್ ಮಗ ಕಾಯ್ತದೆ" ಅಂದರು. ಅಲ್ಲಿ ಹೆಣ್ಣಾದರೂ ಗಂಡಾದರೂ ಮಗ ಅನ್ನುವುದೇ ವಾಡಿಕೆ. ಆಮೇಲೆ ನಡಾವಳಿ ಪುಸ್ತಕವನ್ನು ಮುಂದೆ ತಳ್ಳಿದರು. "ಓಗಕ್ ಮುಂಚೆ ಅವತ್ತಿಂದೇ ಇನ್ನೊಂದ್ ಸಲ ಬರೀರಿ. ಈಗ ಒಂದ್ನೇ ಕಿಲಾಸಲ್ಲಿರೋವು ಐದು ಮುಗ್ಸೋಗಂಟ. ಒಸ ಮೇಡಮ್ಮೋರು ಸಹಿ ಆಕ್ಲಿ. ಇಲ್ದಿದ್ರೆ ಸೋಮಾರದಿಂದ ವ್ಯಾನ್ನೋನ್ಗೆ ಬಾ ಅಂತೀವಿ."

ಒಂದನೇ ತರಗತಿಯಲ್ಲಿ ಈಗ ಬೇರೆ ಮಕ್ಕಳಿದ್ದವು. ಲೆಕ್ಕ ಮತ್ತೆ ಮೊದಲಿಂದ ಶುರು. ಹೊಸಬರು ಸಹಿ ಹಾಕದೆ ತಕರಾರಾದರೆ ನನ್ನ ಬಿಡುಗಡೆ ನಿಲ್ಲುತ್ತದೆ, ಅದು ನನಗೆ ಗೊತ್ತಿತ್ತು. ಸಂಜೆಯ ತನಕ ನಾನೇ ಕಾರ್ಯದರ್ಶಿ. ಪೆನ್ನು ತೆಗೆದುಕೊಂಡು ಬರೆದೆ. ಪದ ಒಂದೂ ಬದಲಾಯಿಸಬೇಕಾಗಿರಲಿಲ್ಲ.

ಹೊಸ ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. ಓದಿ ಅವರಿಗೆ ನಗು ಬಂತು, ನನಗೆ ಅವತ್ತು ಬಂದ ಹಾಗೆಯೇ. ನನ್ನ ಕಿವಿಯ ಹತ್ತಿರ, "ಇದಕ್ಕೇನಾದ್ರೂ ಬೆಲೆ ಇದ್ಯಾ ಮೇಡಂ? ನಾನು ಮುಂದಿನ ವರ್ಷ ಹಾಸನಕ್ಕೆ ಹಾಕ್ಬೇಕು ಅಂತಿದ್ದೀನಿ" ಅಂದರು.

ಫೈಲಿನಲ್ಲಿದ್ದ ಆ ಜೆರಾಕ್ಸ್ ನನ್ನ ಕಣ್ಣ ಮುಂದೆಯೇ ಇತ್ತು. ಚಾಪೆಯ ಮೇಲೆ ಅವರ ಮಗು ಸೀಮೆಸುಣ್ಣದಿಂದ ತನ್ನ ಅಂಗೈಗೆ ಬಣ್ಣ ಹಚ್ಚಿಕೊಳ್ಳುತ್ತಿತ್ತು.

"ಸುಮ್ನೆ ಅವರ ಸಮಾಧಾನಕ್ಕೆ. ಬೆಲೆ ಇಲ್ಲ" ಅಂದೆ.

ಅವರು ಸಹಿ ಹಾಕಿದರು. ನಾನು ಸೀಲು ಒತ್ತಿ ಅವರ ಕೈಗೆ ಕೊಟ್ಟೆ. ಮಕ್ಕಳು ಗೇಟಿನ ತನಕ ಬಂದವು, ಅಡುಗೆಯಮ್ಮ ಒಂದು ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟರು. ಹೊಳೆನರಸೀಪುರದ ತನಕ ನನಗೆ ಸೀಟು ಸಿಕ್ಕಿತ್ತು. ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಅದಾಗಿ ಎರಡು ವರ್ಷವಾಗುತ್ತಾ ಬಂತು. ಮೊನ್ನೆ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಬದಲಿಗೆ ಬಂದಿದ್ದ ಮೇಡಮ್ಮಿನ ಫೋನ್ ಬಂತು. ಮಗಳು ನನ್ನ ಮುಂದೆ ನೆಲದ ಮೇಲೆ ಕೂತಿದ್ದಳು. ಕೂದಲು ಭುಜದ ತನಕ ಬೆಳೆದಿದೆ, ಜಡೆ ಹಾಕಲು ಬರುತ್ತದೆ.

"ಮೇಡಂ, ನಂಗೆ ಹಾಸನದ ಹತ್ರಕ್ಕೆ ವರ್ಗ ಆಯ್ತು. ಆದ್ರೆ ಬದಲಿ ಬಂದ್ಮೇಲೆ ಬಿಡ್ತಾರಂತೆ" ಅಂದರು. ನಾನು ಹೂಂ ಅಂದೆ. "ಅಧ್ಯಕ್ಷರು ಆ ಪುಟದ ಜೆರಾಕ್ಸ್ ತಗೊಂಡು ಆಫೀಸಿಗೆ ಹೋಗಿ ಬಂದ್ರಂತೆ."

ಆಕೆ ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಹಿಂದೆ ಬಸ್ಸಿನ ಸದ್ದು ಕೇಳಿಸುತ್ತಿತ್ತು. ಕಂಡಕ್ಟರ್ ಯಾರಿಗೋ ಒಳಗೆ ಸರಿಯಲು ಹೇಳುತ್ತಿದ್ದ.

"ಒಂದ್ ವಿಷ್ಯ ಕೇಳೋಣ ಅಂತ ಮಾಡ್ದೆ. ಮಗಳು ಈ ವರ್ಷ ಸ್ಕೂಲಿಗೆ ಸೇರಿದ್ದಾಳೆ, ಅವಳಿಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿಮಗೆ ಬದಲಿ ಬರೋಕೆ ಎಷ್ಟು ದಿನ ಆಯ್ತು ಮೇಡಂ?"

"ಬೇಗ ಹಾಕಮ್ಮ, ವ್ಯಾನ್ ಬರುತ್ತೆ" ಅಂದಳು ನನ್ನ ಮಗಳು.

"ಎರಡು ಮೂರು ತಿಂಗಳು ಅಷ್ಟೇ" ಅಂದೆ. "ಬಂದ್ಬಿಡ್ತಾರೆ."

ಆಕೆ ಥ್ಯಾಂಕ್ಸ್ ಹೇಳಿ ಫೋನಿಟ್ಟರು.